ನಮ್ಮ ಶಾಲೆಯ ಬೀರುವಿನಲ್ಲಿರುವ ಯುದ್ಧದ ನೆನಪುಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಶಾಲೆಯ ಹುಟ್ಟು ಬೆಳವಣಿಗೆಯ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರಿದ್ದಾರೆ ಎಂದೆ. ಅದಕ್ಕೆ ಅವರು, "ಹಾಗಾದರೆ ನಿಮ್ಮ ಬೀರುವಿನ ಬಗ್ಗೆ ಬರೆಯಿರಿ ಮೇಷ್ಟ್ರೇ" ಎಂದರು. ಅದು ನನ್ನ ಬೀರು ಅಲ್ಲ, ಶಾಲೆಯದು. ಆದರೂ ಇಪ್ಪತ್ತೆಂಟು ವರ್ಷ ಅದರ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆದ್ದರಿಂದ ಒಪ್ಪಿಕೊಂಡೆ.

ನಾನು ಅರಸೀಕೆರೆ ಕಡೆಯ ಬಯಲುಸೀಮೆಯವನು. 1988ರ ಜೂನ್‌ನಲ್ಲಿ ಸಮಾಜ ವಿಜ್ಞಾನದ ಶಿಕ್ಷಕನಾಗಿ ಕೊಡಗಿನ ಈ ಊರಿಗೆ ಬಂದಿಳಿದಾಗ ಸುರಿಯುತ್ತಿದ್ದ ಮಳೆ ಆಗಸ್ಟ್ ಕೊನೆಯವರೆಗೂ ನಿಂತ ನೆನಪಿಲ್ಲ. ಇಲ್ಲಿ ಮನೆಮನೆಯಲ್ಲೂ ಒಬ್ಬ ಸೈನಿಕ ಇದ್ದಾನೆಂದು ಕೇಳಿದ್ದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ನಾಡು ಎಂಬುದು ಯಾರಿಗೆ ಗೊತ್ತಿಲ್ಲ? ಆದರೆ ಜನರಲ್‌ಗಳ ಕೆಳಗೆ ಸಾಲಾಗಿ ನಿಂತಿದ್ದ ಸಿಪಾಯಿಗಳು, ಲಾರಿ ಚಾಲಕರು, ಅಡುಗೆಯವರು, ರಸ್ತೆ ಕಡಿದ ಕೂಲಿಗಳು ಊರಿಗೆ ಮರಳುವಾಗ ತಂದ ವಸ್ತುಗಳು ಅಟ್ಟದ ಮೇಲೆ, ಅಕ್ಕಿ ಪತ್ತಾಯದ ಹಿಂದೆ ಕೂತಿರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಸಿದವಳು ನನ್ನ ಒಬ್ಬ ವಿದ್ಯಾರ್ಥಿನಿ.

ಜಪಾನಿನ ದುಡ್ಡು

1993ರಲ್ಲಿ ಹತ್ತನೇ ತರಗತಿಗೆ ಎರಡನೇ ಮಹಾಯುದ್ಧದ ಪಾಠ ಮಾಡುತ್ತಿದ್ದೆ. ಜಪಾನ್ ಬರ್ಮಾವನ್ನು ಆಕ್ರಮಿಸಿತು ಎಂದು ಹೇಳುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗಿ ಎದ್ದು, "ನಮ್ಮ ಮನೆಯಲ್ಲಿ ಜಪಾನಿನ ದುಡ್ಡಿದೆ ಸಾರ್, ಡಬ್ಬಿ ತುಂಬ" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಮರುದಿನ ಅವಳು ತಂದ ಬಿಸ್ಕತ್ತಿನ ಡಬ್ಬಿಯಲ್ಲಿ ನಿಜಕ್ಕೂ ನೋಟುಗಳಿದ್ದವು. ಐದು ರೂಪಾಯಿ, ಹತ್ತು ರೂಪಾಯಿ, ನೂರು ರೂಪಾಯಿ. ಮೇಲೆ ಜಪಾನ್ ಸರಕಾರ ಎಂದು ಇಂಗ್ಲಿಷಿನಲ್ಲಿ ಮುದ್ರಿಸಿತ್ತು.

ಇವು ಜಪಾನ್ ತಾನು ಗೆದ್ದ ದೇಶಗಳಲ್ಲಿ ಚಲಾವಣೆಗೆ ತಂದ ಆಕ್ರಮಣ ಕಾಲದ ನೋಟುಗಳು. ಯಾವ ದೇಶಕ್ಕೆಂದು ಗುರುತಿಸಲು ನೋಟಿನ ಮೇಲಿನ ಮೊದಲ ಅಕ್ಷರ ಸಾಕು. ಬರ್ಮಾಕ್ಕೆ 'ಬಿ', ಮಲಯಾಕ್ಕೆ 'ಎಂ', ಫಿಲಿಪೈನ್ಸಿಗೆ 'ಪಿ'. ಬರ್ಮಾದ ನೋಟು ರೂಪಾಯಿಯಲ್ಲಿತ್ತು, ಮಲಯಾದ್ದು ಡಾಲರಿನಲ್ಲಿ. ಮಲಯಾದ ಹತ್ತು ಡಾಲರ್ ನೋಟಿನ ಮೇಲೆ ಬಾಳೆಗಿಡದ ಚಿತ್ರವಿದ್ದುದರಿಂದ ಅಲ್ಲಿನ ಜನ ಅದನ್ನು ಬಾಳೆಹಣ್ಣಿನ ದುಡ್ಡು ಎಂದೇ ಕರೆದರು. ಈ ನೋಟುಗಳ ಹಿಂದೆ ಚಿನ್ನವೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ. ಬೇಕಾದಷ್ಟು ಅಚ್ಚು ಹಾಕಿದರು, ಬೆಲೆ ಕುಸಿಯಿತು. 1945ರಲ್ಲಿ ಬ್ರಿಟಿಷರು ಬರ್ಮಾಕ್ಕೆ ಮರಳಿದಾಗ ಅವುಗಳಿಗೆ ಕಾಸಿನ ಬೆಲೆಯೂ ಉಳಿಯಲಿಲ್ಲ. ದಾರಿಯಲ್ಲಿ ಬಿದ್ದಿದ್ದ ನೋಟುಗಳನ್ನು ನಮ್ಮ ಸೈನಿಕರು ನೆನಪಿಗೆಂದು ಆರಿಸಿ ತಂದರು.

ಆ ಹುಡುಗಿಯ ಅಜ್ಜಿ ಮಾತ್ರ ಹಾಗೆಂದುಕೊಂಡಿರಲಿಲ್ಲ. ಗಂಡ ತಂದ ಈ ಹಣ ಒಂದಲ್ಲ ಒಂದು ದಿನ ಚಲಾವಣೆಗೆ ಬರುತ್ತದೆಂದು ನಂಬಿ ನಲವತ್ತೆಂಟು ವರ್ಷ ಕಾಪಾಡಿದ್ದರು. ನೋಟಿನ ವಿಷಯ ತಿಳಿಸಲು ನಾನೇ ಅವರ ಮನೆಗೆ ಹೋದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಾಫಿ ಕೊಟ್ಟು, "ಹಾಗಾದರೆ ಮಕ್ಕಳಿಗೆ ಪಾಠಕ್ಕಾದರೂ ಆಗಲಿ, ಇಟ್ಟುಕೊಳ್ಳಿ" ಎಂದರು. ನಮ್ಮ ನೋಂದಣಿ ಪುಸ್ತಕದ ಮೊದಲ ನಮೂದು ಅದು.

ಅಂಚಿನ ಮೇಲಿನ ಹೆಸರು

ಅಲ್ಲಿಂದ ಮುಂದೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ, ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ, ಮಕ್ಕಳಿಗೆ ಒಂದು ಮನೆಗೆಲಸ ಕೊಡತೊಡಗಿದೆ. ಆ ಹಬ್ಬದಲ್ಲಿ ಐನ್‌ಮನೆಗಳಲ್ಲಿ ಕೋವಿ ಕತ್ತಿಗಳನ್ನು ತೊಳೆದು, ತೋಕ್ ಪೂವಿನಿಂದ ಅಲಂಕರಿಸಿ, ದೀಪದ ಮುಂದೆ ಇಡುತ್ತಾರೆ. ಪೆಟ್ಟಿಗೆಗಳು ತೆರೆಯುವ ಕಾಲವೂ ಅದೇ. ನಾನು ಕೇಳುತ್ತಿದ್ದುದು ಆಯುಧಗಳನ್ನಲ್ಲ. ಪೆಟ್ಟಿಗೆಯ ತಳದಲ್ಲಿ ಉಳಿಯುವ ಉಳಿದೆಲ್ಲವನ್ನು. ಕಾಗದ, ಫೋಟೊ, ಪದಕ, ಗುಂಡಿ, ಬೆಲ್ಟಿನ ಬಕಲು, ತಟ್ಟೆ, ಲೋಟ.

ಹೆಚ್ಚಾಗಿ ಬಂದದ್ದು ಪದಕಗಳು. ಆರು ಮೂಲೆಯ, ಹಿತ್ತಾಳೆ ಬಣ್ಣದ ನಕ್ಷತ್ರಗಳು. ಆಫ್ರಿಕಾದಲ್ಲಿ ಹೋರಾಡಿದವರಿಗೆ ಆಫ್ರಿಕಾ ಸ್ಟಾರ್, ಇಟಲಿಗೆ ಹೋದವರಿಗೆ ಇಟಲಿ ಸ್ಟಾರ್, ಬರ್ಮಾದವರಿಗೆ ಬರ್ಮಾ ಸ್ಟಾರ್. ಆಫ್ರಿಕಾದ ರಿಬ್ಬನ್ನಿನ ನೆಲ ಮರಳಿನ ಬಣ್ಣ; ಬರ್ಮಾದ ರಿಬ್ಬನ್ನಿನಲ್ಲಿರುವ ಕಿತ್ತಳೆ ಗೆರೆ ಸೂರ್ಯನ ಗುರುತು. ಇವುಗಳ ಜತೆಗೆ ಇಂಡಿಯಾ ಸರ್ವಿಸ್ ಮೆಡಲ್ ಎಂಬ ಒಂದು ದುಂಡು ಪದಕವಿದೆ. ಅದರ ಹಿಂಬದಿಯಲ್ಲಿ ಭಾರತದ ಉಬ್ಬು ನಕ್ಷೆ ಇದೆ, ವಿಭಜನೆಗೆ ಮುಂಚಿನದು. ಪ್ರತಿ ವರ್ಷವೂ ಒಬ್ಬನಾದರೂ ವಿದ್ಯಾರ್ಥಿ ಅದನ್ನು ನೋಡಿ, "ಸಾರ್, ನಕ್ಷೆ ತಪ್ಪಾಗಿದೆ" ಎನ್ನುತ್ತಿದ್ದ. ವಿಭಜನೆಯ ಪಾಠವನ್ನು ನಾನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಎರಡನೇ ಮಹಾಯುದ್ಧದ ನಕ್ಷತ್ರ ಪದಕಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರು ಕೊರೆಯದೆ ಕೊಟ್ಟರು. ಭಾರತೀಯ ಸೇನೆಯವರಿಗೆ ಕೊಟ್ಟ ನಕ್ಷತ್ರಗಳ ಹಿಂಬದಿಯಲ್ಲಿ ಮಾತ್ರ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಇವುಗಳನ್ನು ಕೊರೆದಿದ್ದಾರೆ. ದುಂಡು ವಾರ್ ಮೆಡಲ್ ಆದರೆ ಅಂಚಿನ ಮೇಲೆ ನೋಡಬೇಕು. ಇದನ್ನು ತಿಳಿದ ದಿನ ನನ್ನ ಕೆಲಸದ ಸ್ವರೂಪವೇ ಬದಲಾಯಿತು. ಅದುವರೆಗೆ ನಾನು ವಸ್ತುಗಳನ್ನು ಸಂಗ್ರಹಿಸುತ್ತಿದ್ದೆ, ಆಮೇಲೆ ಹೆಸರುಗಳನ್ನು. ಆದರೆ ಎಷ್ಟೋ ಮನೆಗಳಲ್ಲಿ ಹಬ್ಬಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಾಕಿ ಪದಕವನ್ನು ಫಳಫಳ ಹೊಳೆಯುವಂತೆ ತಿಕ್ಕಿದ್ದರು. ಭಕ್ತಿಯಿಂದ ತಿಕ್ಕಿದ್ದು, ಆದರೆ ಆ ಭಕ್ತಿಯಲ್ಲಿ ಹೆಸರೇ ಅಳಿಸಿಹೋಗಿತ್ತು. ಈ ಲೇಖನ ಓದುವವರಲ್ಲಿ ನನ್ನ ಮೊದಲ ವಿನಂತಿ ಇದು: ನಿಮ್ಮ ಮನೆಯಲ್ಲಿ ಪದಕವಿದ್ದರೆ ದಯವಿಟ್ಟು ತಿಕ್ಕಬೇಡಿ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಬೀರುವಿನಲ್ಲಿ ಮೊದಲ ಮಹಾಯುದ್ಧಕ್ಕೆ ಸೇರಿದ್ದು ಒಂದೇ ವಸ್ತು. ಅದು ಬ್ರಿಟಿಷ್ ವಾರ್ ಮೆಡಲ್. ಸಿಪಾಯಿಗಳಿಗೆ ಇದನ್ನು ಬೆಳ್ಳಿಯಲ್ಲಿ ಕೊಟ್ಟರು, ಕಾರ್ಮಿಕ ದಳದವರಿಗೆ ಕಂಚಿನಲ್ಲಿ. ನಮ್ಮಲ್ಲಿರುವುದು ಕಂಚಿನದು. ಕಾಫಿ ತೋಟದ ಲೈನ್‌ಮನೆಯ ಹುಡುಗನೊಬ್ಬ ಅದನ್ನು ತಂದಾಗ, "ನಮ್ಮದು ಬೆಳ್ಳಿಯದಲ್ಲ ಸಾರ್, ಹಾಗಾಗಿ ಸುಳ್ಳು ಪದಕ ಇರಬೇಕು" ಎಂದು ನಾಚಿಕೊಂಡಿದ್ದ. ಸುಳ್ಳಲ್ಲ ಎಂದು ಅವನಿಗೆ ವಿವರಿಸಿದೆ. ಬೆಳ್ಳಿಯದಾಗಿದ್ದರೆ ಯಾವುದೋ ಬರಗಾಲದ ವರ್ಷದಲ್ಲಿ ಕರಗಿ ಕಾಲುಂಗುರವಾಗುತ್ತಿತ್ತು. ಕಂಚಾಗಿದ್ದರಿಂದಲೇ ಅದು ಉಳಿಯಿತು. ಯುದ್ಧದಲ್ಲಿ ಬಂದೂಕು ಹಿಡಿದವರಷ್ಟೇ ಅಲ್ಲ, ಗುದ್ದಲಿ ಹಿಡಿದವರೂ ಇದ್ದರು ಎಂಬುದಕ್ಕೆ ನಮ್ಮ ಊರಿನಲ್ಲಿರುವ ಸಾಕ್ಷಿ ಅದೊಂದೇ.

ನಾನು ಮಾಡಿದ ತಪ್ಪುಗಳು

ಈ ಕೆಲಸದಲ್ಲಿ ನಾನು ಎರಡು ದೊಡ್ಡ ತಪ್ಪು ಮಾಡಿದ್ದೇನೆ. ಒಂದನ್ನು ಇಲ್ಲಿ ಹೇಳುತ್ತೇನೆ, ಇನ್ನೊಂದನ್ನು ಮುಂದೆ ಹೇಳುತ್ತೇನೆ.

1996ರಲ್ಲಿ ಒಬ್ಬ ಹುಡುಗ ಚೀಲದಿಂದ ಮೂರು ಹಳೆಯ ತೋಟಾಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಖಾಲಿ ಇರಬೇಕೆಂದು ನಾನು ಡ್ರಾಯರಿನಲ್ಲಿ ಹಾಕಿ ಒಂದು ವಾರ ಮರೆತುಬಿಟ್ಟೆ. ನಿವೃತ್ತ ಸುಬೇದಾರರೊಬ್ಬರು ಶಾಲೆಗೆ ಬಂದಾಗ ತೋರಿಸಿದೆ. ಅವರ ಮುಖದ ಬಣ್ಣವೇ ಬದಲಾಯಿತು. ಮೂರರಲ್ಲಿ ಎರಡು ಜೀವಂತವಾಗಿದ್ದವು. ಅವರೇ ಜತೆಗೆ ಬಂದು ಠಾಣೆಗೆ ಒಪ್ಪಿಸಿದರು. ಅಂದಿನಿಂದ ನಿಯಮ ಮಾಡಿದೆ: ತೋಟಾ, ಗ್ರೆನೇಡ್, ಶೆಲ್ಲು, ಬಂದೂಕು, ಕತ್ತಿ ಯಾವುದನ್ನೂ ಶಾಲೆಗೆ ತರಬಾರದು. ಹಳೆಯದಾದಷ್ಟೂ ಸ್ಫೋಟಕ ಸುರಕ್ಷಿತ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಸ್ಫೋಟಕ ಹಳೆಯದಾದಷ್ಟೂ ಅದನ್ನು ನಂಬುವಂತಿಲ್ಲ. ಅಂಥದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದೊಂದೇ ದಾರಿ. ಕಾರ್ಯಾಲಯದ ಕಿಟಕಿಯಲ್ಲಿ ಹೂದಾನಿಯಾಗಿರುವ ಹಿತ್ತಾಳೆಯ ಫಿರಂಗಿ ಕವಚವನ್ನು ನೋಡಿ ನೀವು ಹೆದರಬೇಕಿಲ್ಲ. ಅದು ಸಿಡಿದು ಖಾಲಿಯಾದ ಮೇಲೆ ಯಾರೋ ಸೈನಿಕ ಬಿಡುವಿನಲ್ಲಿ ಉಳಿಯಿಂದ ಬಳ್ಳಿ ಕೆತ್ತಿದ್ದು.

ಇನ್ನೊಂದು ಬಗೆಯ ಕಷ್ಟವೂ ಇತ್ತು. ಮನೆಯಲ್ಲಿ ಹೇಳುವ ಕಥೆಗೂ ಪದಕ ಹೇಳುವ ಕಥೆಗೂ ಕೆಲವೊಮ್ಮೆ ಹೊಂದಾಣಿಕೆ ಇರುತ್ತಿರಲಿಲ್ಲ. ಒಂದು ಮನೆಯವರು ತಮ್ಮ ತಾತನಿಗೆ ಮಹಾ ಶೌರ್ಯಕ್ಕಾಗಿ ರಾಜನೇ ಕೈಯಾರೆ ಕೊಟ್ಟ ಪದಕ ಎಂದು ನಂಬಿದ್ದರು. ಅದು ಬರ್ಮಾ ಸ್ಟಾರ್. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಬರ್ಮಾ ಕಾರ್ಯಾಚರಣೆಯಲ್ಲಿ ಇದ್ದವರಿಗೆಲ್ಲ ಕೊಟ್ಟದ್ದು. ಹೇಗೆ ಹೇಳುವುದೆಂದು ಬಹಳ ದಿನ ಯೋಚಿಸಿದೆ. ಕೊನೆಗೆ ಆ ಮನೆಯ ಹುಡುಗನಿಗೆ ಪುಸ್ತಕ ತೆರೆದು ಇಂಫಾಲ, ಕೊಹಿಮಾದ ಭಾಗ ಓದಿಸಿದೆ. 1944ರ ಮಾರ್ಚ್‌ನಲ್ಲಿ ಸುಮಾರು 85,000 ಜಪಾನಿ ಸೈನಿಕರು ಭಾರತದ ಗಡಿಯತ್ತ ನುಗ್ಗಿದ್ದು, ಜುಲೈವರೆಗೆ ಮಳೆ, ಮಲೇರಿಯಾ, ಕೆಸರಿನ ನಡುವೆ ನಡೆದ ಕಾಳಗ, ಎಲ್ಲವನ್ನೂ ಓದಿದ ಮೇಲೆ ಅವನು, "ಅಲ್ಲಿ ಇದ್ದು ತಿರುಗಿ ಬಂದದ್ದೇ ದೊಡ್ಡದಲ್ಲವಾ ಸಾರ್" ಎಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ತಿರುಗಿ ಬಾರದವರೂ ಇದ್ದರು. ಯುದ್ಧ ಆರಂಭವಾದಾಗ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೇನೆ ಮುಗಿಯುವ ಹೊತ್ತಿಗೆ 25 ಲಕ್ಷದಷ್ಟಾಗಿತ್ತು. ಸತ್ತವರು 87,000ಕ್ಕೆ ಸಮೀಪ. ಕೊಹಿಮಾದ ಯುದ್ಧ ಸ್ಮಶಾನದಲ್ಲಿ ಸಮಾಧಿಗಳ ಜತೆಗೆ, ಚಿತೆಗೆ ಒಪ್ಪಿಸಿದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವಿದೆ. ಗುರುತು ಸಿಗದವರ ಹೆಸರುಗಳು ರಂಗೂನಿನ ಬಳಿಯ ತೌಕ್ಯಾನ್‌ನಲ್ಲಿ, ಸಿಂಗಾಪುರದ ಕ್ರಾಂಜಿಯಲ್ಲಿ ಕಲ್ಲಿನ ಮೇಲೆ ಇವೆ. ಮೈಸೂರು ಸಂಸ್ಥಾನದ ಪದಾತಿ ದಳವೊಂದು 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಅಲ್ಲಿಯೇ ಸೆರೆಯಾಯಿತು ಎಂಬುದು ನಮ್ಮ ಬಯಲುಸೀಮೆಯವರಿಗೂ ಹೆಚ್ಚು ತಿಳಿದಿಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಈಗ ಯಾರು ಬೇಕಾದರೂ ಹೆಸರು ಹುಡುಕಬಹುದು. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳು ಹಾಗೆ ಹುಡುಕಿ ಒಬ್ಬ ಅಜ್ಜನ ಹೆಸರನ್ನು ಪತ್ತೆಹಚ್ಚಿದ ದಿನ, ಅವನ ಎಂಬತ್ತು ದಾಟಿದ ತಂಗಿಯನ್ನು ಆಟೋದಲ್ಲಿ ಕರೆತಂದು ಪರದೆಯ ಮುಂದೆ ಕೂರಿಸಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದರು.

ದೀಪದ ಮುಂದೆ ಇಡದ ಬಟ್ಟೆ

ಈಗ ಎರಡನೆಯ ತಪ್ಪಿನ ವಿಷಯ.

ಪಕ್ಕದ ಊರಿನ ಒಬ್ಬರು ಬರ್ಮಾದಲ್ಲಿ ಸೇನೆಯ ಲಾರಿ ಓಡಿಸಿದವರು. 1981ರಲ್ಲಿ ತೀರಿಕೊಂಡರು. ಅವರ ಮಗ 2003ರಲ್ಲಿ ಅಪ್ಪನ ಪೆಟ್ಟಿಗೆಯಿಂದ ಒಂದು ಬಟ್ಟೆಯನ್ನು ತಂದು ಶಾಲೆಗೆ ಕೊಟ್ಟರು. ಬಿಳಿಯ ರೇಷ್ಮೆ, ಮಧ್ಯದಲ್ಲಿ ಕೆಂಪು ಸೂರ್ಯ, ಸುತ್ತಲೂ ಕಪ್ಪು ಶಾಯಿಯ ಅಕ್ಷರಗಳು. ಒಂದು ಮೂಲೆಯಲ್ಲಿ ಕಂದು ಬಣ್ಣದ ಕಲೆ. "ಅಪ್ಪ ಪ್ರತಿ ಹಬ್ಬಕ್ಕೂ ಇದನ್ನು ತೆಗೆದು ಗಾಳಿಗೆ ಹಾಕುತ್ತಿದ್ದರು, ಆದರೆ ದೀಪದ ಮುಂದೆ ಇಡಲು ಬಿಡುತ್ತಿರಲಿಲ್ಲ. ಇದು ನಮ್ಮದಲ್ಲ ಎನ್ನುತ್ತಿದ್ದರು. ಎಲ್ಲಿ ಸಿಕ್ಕಿತೆಂದು ಕೊನೆಯವರೆಗೂ ಹೇಳಲಿಲ್ಲ" ಎಂದರು.

ನಾನು ಆ ಮಾತಿಗೆ ಗಮನ ಕೊಡಲಿಲ್ಲ. ಸಂಗ್ರಹಕ್ಕೆ ಅಪರೂಪದ ವಸ್ತು ಸಿಕ್ಕಿತೆಂಬ ಹಿಗ್ಗಿನಲ್ಲಿ ಕನ್ನಡಿಯ ಚೌಕಟ್ಟು ಹಾಕಿಸಿ, "ಶತ್ರುವಿನ ಧ್ವಜ" ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದೆ. ವಾರ್ಷಿಕೋತ್ಸವಕ್ಕೆ ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಹನ್ನೆರಡು ವರ್ಷ ಅದು ಅಲ್ಲಿಯೇ ಇತ್ತು. 2015ರಲ್ಲಿ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿ ಅದರ ಫೋಟೊವನ್ನು ತನ್ನ ಜಪಾನಿ ಸಹೋದ್ಯೋಗಿಗೆ ತೋರಿಸಿದ. ಆತ ಬಹಳ ಹೊತ್ತು ನೋಡಿ ಹೇಳಿದ್ದನ್ನು ನಮ್ಮ ಹುಡುಗ ನನಗೆ ಫೋನಿನಲ್ಲಿ ತಿಳಿಸಿದ. ಅದು ಸೇನೆಯ ಧ್ವಜವೇ ಅಲ್ಲ. ಯುದ್ಧಕ್ಕೆ ಹೊರಟವನಿಗೆ ಅವನ ಮನೆಯವರು, ನೆರೆಯವರು, ಗೆಳೆಯರು ಹೆಸರು ಬರೆದು ಕೊಡುವ ಹಾರೈಕೆಯ ಬಟ್ಟೆ. ಯೋಸೆಗಾಕಿ ಹಿನೊಮಾರು ಎಂದು ಕರೆಯುತ್ತಾರೆ. ಮೇಲಿರುವ ನಾಲ್ಕು ದೊಡ್ಡ ಅಕ್ಷರಗಳ ಅರ್ಥ, ಯುದ್ಧದಲ್ಲಿ ನಿನ್ನ ಅದೃಷ್ಟ ಬಹುಕಾಲ ಬಾಳಲಿ ಎಂದು. ಬಲ ಅಂಚಿನಲ್ಲಿರುವುದು ಹೊರಟವನ ಹೆಸರು. ಸೈನಿಕರು ಅದನ್ನು ಮಡಚಿ ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಿದ್ದರು. ನಮ್ಮ ಕಡೆ ಹೊರಡುವವನ ತೋಳಿಗೆ ತಾಯತ ಕಟ್ಟುವುದಿಲ್ಲವೇ, ಹಾಗೆ.

ಇಂಫಾಲ ಕೊಹಿಮಾಕ್ಕೆ ಬಂದ ಆ ಜಪಾನಿ ಸೈನಿಕರಲ್ಲಿ 30,000ಕ್ಕೂ ಹೆಚ್ಚು ಜನ ಸತ್ತರು. ಗುಂಡಿಗಿಂತ ಹಸಿವು, ರೋಗಗಳಿಂದ ಸತ್ತವರೇ ಹೆಚ್ಚು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಅವರಲ್ಲಿ ಒಬ್ಬನ ಹೆಸರು ನನ್ನ ತಲೆಯ ಹಿಂದಿನ ಗೋಡೆಯಲ್ಲಿಯೇ ಇದ್ದದ್ದು ತಿಳಿದಿರಲಿಲ್ಲ. ಅಂದೇ ಚೌಕಟ್ಟನ್ನು ಇಳಿಸಿ, ನಾನು ಬರೆದಿದ್ದ ಚೀಟಿಯನ್ನು ಹರಿದೆ. "ಇದು ನಮ್ಮದಲ್ಲ" ಎಂದು ಆ ಲಾರಿ ಚಾಲಕ ಹೇಳಿದ್ದರ ಅರ್ಥ ನನಗೆ ಆಗ ತಿಳಿಯಿತು.

ಮುಂದೇನು ಮಾಡುವುದೆಂಬ ಬಗ್ಗೆ ಊರಿನಲ್ಲಿ ಚರ್ಚೆಯಾಯಿತು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಒಬಾನ್ ಸೊಸೈಟಿ ಎಂಬ ಸಂಸ್ಥೆ ಇಂಥ ಧ್ವಜಗಳನ್ನು ಜಪಾನಿನ ಕುಟುಂಬಗಳಿಗೆ ಹುಡುಕಿ ತಲುಪಿಸುತ್ತದೆಂದು ನಮ್ಮ ವಿದ್ಯಾರ್ಥಿ ತಿಳಿಸಿದ. ಕೆಲವರು ಒಪ್ಪಲಿಲ್ಲ. "ನಮ್ಮವರು ಪ್ರಾಣ ಒತ್ತೆಯಿಟ್ಟು ತಂದದ್ದನ್ನು ಏಕೆ ಕೊಡಬೇಕು? ಅವರು ನಮ್ಮ ಸೆರೆಯಾಳುಗಳನ್ನು ನಡೆಸಿಕೊಂಡ ರೀತಿ ಮರೆತುಹೋಯಿತೇ?" ಎಂದು ನಿವೃತ್ತ ಸೈನಿಕರೊಬ್ಬರು ಕೇಳಿದರು. ಅವರ ಚಿಕ್ಕಪ್ಪ ಸಿಂಗಾಪುರದಲ್ಲಿ ಸೆರೆಯಾಗಿ ಮರಳಿರಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಧ್ವಜ ಕೊಟ್ಟವರ ಮಗನೇ ತೀರ್ಮಾನಿಸಲಿ ಎಂದು ಎಲ್ಲರೂ ಒಪ್ಪಿದೆವು. ಅವರು ಮೂರು ತಿಂಗಳು ಯೋಚಿಸಿದರು. ಆಮೇಲೆ ಬಂದು, "ಅಪ್ಪ ಹೇಳಿದ್ದೇ ಸರಿ ಮೇಷ್ಟ್ರೇ. ಕೊಡೋಣ. ಆದರೆ ಯಾರಿಗೋ ಅಲ್ಲ, ಅವನ ಮನೆಯವರಿಗೆ" ಎಂದರು. ಮುಂದಿನ ವರ್ಷ, ನನ್ನ ನಿವೃತ್ತಿಯ ಮೊದಲು, ಫೋಟೊ ಮತ್ತು ವಿವರಗಳನ್ನು ಕಳುಹಿಸಿದೆವು. ಕುಟುಂಬ ಇನ್ನೂ ಪತ್ತೆಯಾಗಿಲ್ಲ. ಆ ಮಗನೂ ಈಗ ಇಲ್ಲ. ತಂದೆಯ ಮಾತನ್ನು ಅವರ ಮಕ್ಕಳು ಉಳಿಸಿಕೊಂಡಿದ್ದಾರೆ.

ಇಂದು ಬೀರುವಿನಲ್ಲಿ

ಬೀರುವಿನ ಕೆಳಗಿನ ಎರಡು ಅರೆಗಳಲ್ಲಿ ಸ್ವಾತಂತ್ರ್ಯಾನಂತರದ ವಸ್ತುಗಳಿವೆ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಚಾರ ನೋಡಿಕೊಳ್ಳಲು ತಿಮ್ಮಯ್ಯನವರ ಅಧ್ಯಕ್ಷತೆಯಲ್ಲಿ ತಟಸ್ಥ ರಾಷ್ಟ್ರಗಳ ಆಯೋಗ ಹೋದಾಗ ಜತೆಗಿದ್ದ ಭಾರತೀಯ ಪಡೆಯವರೊಬ್ಬರು ತಂದ ಮರದ ಚಮಚ, 1965ರ ಸಮರ ಸೇವಾ ಸ್ಟಾರ್, 1971ರ ಪೂರ್ವಿ ಸ್ಟಾರ್ ಮತ್ತು ಪಾಕಿಸ್ತಾನದ ಒಂದು ರೂಪಾಯಿ ನೋಟು, ಕಾರ್ಗಿಲ್‌ನಿಂದ ಬಂದ ಪತ್ರಗಳು. ಆ ಪತ್ರ ಬರೆದವನು ನಮ್ಮ ಶಾಲೆಯ 1991ರ ತಂಡದವನು. ಅವನ ಕೈಬರಹ ಆಗಲೂ ಕೆಟ್ಟದಾಗಿತ್ತು, ಅಲ್ಲಿಂದ ಬರೆದಾಗಲೂ ಹಾಗೆಯೇ ಇತ್ತು. ಈ ಸಮಾರಂಭಕ್ಕೆ ಅವನೇ ಬರುತ್ತಿದ್ದಾನೆ ಎಂಬುದು ಸಂತೋಷ.

ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ಕೆಲವು ಮಾತು. ನಿಮ್ಮ ಮನೆಯ ವಸ್ತುವನ್ನು ಶಾಲೆಗೆ ಕೊಡಲೇಬೇಕೆಂದಿಲ್ಲ. ಅದು ಇರಬೇಕಾದ ಜಾಗ ನಿಮ್ಮ ಮನೆಯೇ. ಫೋಟೊ ತೆಗೆದು ಕೊಟ್ಟರೆ ಸಾಕು. ಆದರೆ ಯಾರದು, ಯಾವ ದಳ, ಎಲ್ಲಿಂದ ಬಂತು ಎಂಬುದನ್ನು ಒಂದು ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಜತೆಗಿಡಿ. ಹಳೆಯ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ರೇಷ್ಮೆ, ಉಣ್ಣೆಗಳನ್ನು ಮಡಚಿಡುವ ಬದಲು ಒಗೆದ ಹತ್ತಿಬಟ್ಟೆಯೊಡನೆ ಸುರುಳಿ ಸುತ್ತಿಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಯಾಡಿಸಿ. ಪದಕ ಕೊಳ್ಳಲು ಊರೂರು ತಿರುಗುವವರು ಬಂದರೆ ಅವಸರದಲ್ಲಿ ಮಾರಬೇಡಿ. ನೂರು ವರ್ಷ ದಾಟಿದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ. ಮಕ್ಕಳನ್ನು ಒಮ್ಮೆ ಮಡಿಕೇರಿಯ ಸನ್ನಿ ಸೈಡ್‌ಗೆ, ಅಂದರೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ತಿಮ್ಮಯ್ಯನವರ ಮನೆಗೆ ಕರೆದುಕೊಂಡು ಹೋಗಿ. ಹಿಂತಿರುಗಿ ಬಂದು ಸ್ವಂತ ಅಟ್ಟವನ್ನೂ ನೋಡಲು ಹೇಳಿ.

ಸಮಾರಂಭದ ದಿನ ಬೀರುವನ್ನು ತೆರೆದಿಡಲಾಗುತ್ತದೆ. ನಡುವಿನ ಅರೆ ಖಾಲಿ ಇರುವುದನ್ನು ನೋಡಿ ಯಾರೋ ಕದ್ದಿದ್ದಾರೆಂದು ತಿಳಿಯಬೇಡಿ. ಆ ಬಟ್ಟೆ ಸುರುಳಿಯಾಗಿ, ಹತ್ತಿಬಟ್ಟೆಯೊಳಗೆ, ಮುಖ್ಯೋಪಾಧ್ಯಾಯರ ಕೋಣೆಯ ಪೆಟ್ಟಿಗೆಯಲ್ಲಿದೆ. ಅದನ್ನು ಪ್ರದರ್ಶನಕ್ಕೆ ಇಡುವುದಿಲ್ಲವೆಂದು ಕೊಟ್ಟವರ ಮನೆಯವರಿಗೆ ಮಾತು ಕೊಟ್ಟಿದ್ದೇವೆ. ನಾನು ಇರುತ್ತೇನೋ ಇಲ್ಲವೋ, ಮುಂದೆ ಬೀಗದ ಕೈ ಹಿಡಿಯುವ ಶಿಕ್ಷಕರು ಆ ಮಾತನ್ನು ನಡೆಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಎಂದಾದರೂ ಜಪಾನಿನಿಂದ ಒಂದು ಪತ್ರ ಬಂದರೆ, ಆ ಲಾರಿ ಚಾಲಕರ ಮೊಮ್ಮಕ್ಕಳನ್ನು ಕರೆದು ಅವರ ಕೈಯಿಂದಲೇ ಅದನ್ನು ಕಳುಹಿಸಿ.

ನನಗೆ ಅನ್ನ ಕೊಟ್ಟ, ಪಾಠ ಕಲಿಸಿದ ಈ ಶಾಲೆಗೆ ಐವತ್ತು ತುಂಬಿದೆ. ನೂರು ತುಂಬುವಾಗ ಈ ಬೀರು ಇರಲಿ, ಅದಕ್ಕೆ ಹೊಸ ಯುದ್ಧದ ವಸ್ತು ಮಾತ್ರ ಸೇರದಿರಲಿ ಎಂದು ಹಾರೈಸುತ್ತೇನೆ.